ಕಾಯುವವರ ಕೈಯಲ್ಲಿ ಕಾಸಿರಬೇಕು

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಅತಿ ದೊಡ್ಡ ಪಾಲುದಾರ ಕೆನಡಾದ ಫೇರ್‌ಫ್ಯಾಕ್ಸ್ ಸಮೂಹ. ಅದನ್ನು ಕಟ್ಟಿದವರು ಹೈದರಾಬಾದಿನಲ್ಲಿ ಹುಟ್ಟಿದ ಪ್ರೇಮ್ ವತ್ಸ. ಮದ್ರಾಸ್ ಐಐಟಿಯಲ್ಲಿ ಓದು ಮುಗಿಸಿ 1972ರಲ್ಲಿ ಕೆನಡಾಕ್ಕೆ ಹೋದಾಗ ಅವರ ಜೇಬಿನಲ್ಲಿದ್ದದ್ದು 8 ಡಾಲರ್. ಎಂಬಿಎ ಫೀಸಿಗೆಂದು ಮನೆ ಮನೆ ತಿರುಗಿ ಏರ್ ಕಂಡಿಷನರ್, ಮನೆ ಬೆಚ್ಚಗಿಡುವ ಫರ್ನೇಸ್ ಮಾರಿದರು.

ಟೊರಾಂಟೊದ ವಿಮಾ ಕಂಪನಿಯಲ್ಲಿ ಕೆಲಸಕ್ಕಿದ್ದಾಗ ಮೇಲಧಿಕಾರಿ ಅವರ ಕೈಗೆ ಹೂಡಿಕೆ ಗುರು ಬೆಂಜಮಿನ್ ಗ್ರಹಾಂ ಅವರ ಪುಸ್ತಕ ಇಟ್ಟರು. ಬೆಲೆ ಬೇರೆ, ಮೌಲ್ಯ ಬೇರೆ ಎಂಬ ಅದರ ಪಾಠವನ್ನು ವತ್ಸ ಬಿಡಲೇ ಇಲ್ಲ. 1985ರಲ್ಲಿ ಕಷ್ಟದಲ್ಲಿದ್ದ ಲಾರಿ ವಿಮಾ ಕಂಪನಿಯೊಂದನ್ನು ಕೈಗೆತ್ತಿಕೊಂಡರು. ಅದೇ ಮುಂದೆ ಫೇರ್‌ಫ್ಯಾಕ್ಸ್ ಆಯಿತು. ವಿಮೆಯಲ್ಲಿ ಪ್ರೀಮಿಯಂ ಮೊದಲು ಬರುತ್ತದೆ, ಕ್ಲೇಮು ಆಮೇಲೆ. ನಡುವೆ ಕೈಯಲ್ಲಿರುವ ಆ ದುಡ್ಡನ್ನು ಜಾಣತನದಿಂದ ಹೂಡಿದ್ದೇ ಅವರ ಸಂಪತ್ತಿನ ಮೂಲ.

ಅಮೆರಿಕದಲ್ಲಿ ಗೃಹಸಾಲ ಸಿಕ್ಕಸಿಕ್ಕವರಿಗೆಲ್ಲ ಸಿಗುತ್ತಿದ್ದ ಕಾಲದಲ್ಲಿ ವತ್ಸ ಸಾಲಗಳು ಮುಳುಗಿದರೆ ಹಣ ಕೊಡುವ ಒಪ್ಪಂದಗಳನ್ನು ಕೊಂಡರು. ಕೆಲವು ವರ್ಷ ಅವುಗಳ ಬೆಲೆ ಕರಗುತ್ತಲೇ ಹೋಯಿತು. 2007-08ರ ಕುಸಿತದಲ್ಲಿ ಅವೇ 200 ಕೋಟಿ ಡಾಲರಿಗೂ ಹೆಚ್ಚು ಲಾಭ ತಂದವು. ಮೊಬೈಲ್ ಕಂಪನಿ ಬ್ಲ್ಯಾಕ್‌ಬೆರಿಯಲ್ಲಿ ಹೂಡಿದಾಗ ಮಾತ್ರ ಅವರ ಕೈ ಸುಟ್ಟಿತು. ಆದರೂ ಫೇರ್‌ಫ್ಯಾಕ್ಸ್ ಅಲುಗಾಡಲಿಲ್ಲ. ಒಂದೇ ಹೂಡಿಕೆಯ ಮೇಲೆ ಅದು ನಿಂತಿರಲಿಲ್ಲ.

2020ರ ಜೂನ್‌ನಲ್ಲಿ ಫೇರ್‌ಫ್ಯಾಕ್ಸ್ ಷೇರು ನೆಲಕಚ್ಚಿದಾಗ ವತ್ಸ ಸ್ವಂತ ಹಣದಲ್ಲಿ ಸುಮಾರು 15 ಕೋಟಿ ಡಾಲರಿನಷ್ಟು ಷೇರು ಕೊಂಡರು. ಸರಾಸರಿ ಬೆಲೆ 308 ಡಾಲರ್. 2024ರ ಕೊನೆಗೆ ಅದು ನಾಲ್ಕು ಪಟ್ಟು ದಾಟಿತ್ತು.

2020ರ ಮಾರ್ಚ್‌ನಲ್ಲಿ ಮಾರುಕಟ್ಟೆ ಕುಸಿದಾಗ ನಾನೂ ಮ್ಯೂಚುವಲ್ ಫಂಡ್ ಎಸ್‌ಐಪಿ ನಿಲ್ಲಿಸಲಿಲ್ಲ. ಅದಕ್ಕೆ ಎದೆಗಾರಿಕೆಗಿಂತ ಬ್ಯಾಂಕಿನಲ್ಲಿದ್ದ ಎಫ್‌ಡಿಯೇ ಕಾರಣ. ಮನೆ ಬಾಡಿಗೆ, ಮಕ್ಕಳ ಫೀಸು, ಅಮ್ಮನ ಔಷಧಿಗೆ ಬೇಕಾದದ್ದು ಅಲ್ಲಿತ್ತು. ಹಾಗಾಗಿ ನಷ್ಟಕ್ಕೆ ಯೂನಿಟ್ ಮಾರುವ ಪ್ರಮೇಯ ಬರಲಿಲ್ಲ. ಅಂದು ಕಡಿಮೆ ಬೆಲೆಗೆ ಬಂದ ಯೂನಿಟ್‌ಗಳೇ ಇಂದು ನನ್ನ ಖಾತೆಯಲ್ಲಿ ಚೆನ್ನಾಗಿ ಬೆಳೆದಿವೆ. ತಾಳ್ಮೆ ಬರುವುದು ಸ್ವಭಾವದಿಂದ ಅಷ್ಟೇ ಅಲ್ಲ, ತೆಗೆದಿಟ್ಟ ಹಣದಿಂದಲೂ ಬರುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ವತ್ಸ ಅವರಲ್ಲಿ ನನಗೆ ಅತಿ ಹೆಚ್ಚು ಗೌರವ ಮೂಡಿಸಿದ್ದು ಇನ್ನೊಂದು ಸಂಗತಿ. 2000ದಿಂದ ಅವರ ಸಂಬಳ ವರ್ಷಕ್ಕೆ 6 ಲಕ್ಷ ಕೆನಡಿಯನ್ ಡಾಲರಿಗೆ ನಿಂತಿದೆ. ಬೋನಸ್ ಇಲ್ಲ. ಕಂಪನಿ ಮಾತ್ರ ತೆರಿಗೆಪೂರ್ವ ಲಾಭದ ಒಂದು ಪಾಲನ್ನು ದಾನಕ್ಕೆಂದೇ ಎತ್ತಿಡುತ್ತದೆ. ಮಿಕ್ಕರೆ ಕೊಡೋಣ ಎನ್ನುವವರು ಕೊಡುವುದು ಅಪರೂಪ. ಮೊದಲೇ ಎತ್ತಿಟ್ಟವರು ಕೊಡುತ್ತಾರೆ.

ನೀವೂ ಹೂಡಿಕೆ ಶುರು ಮಾಡುವ ಮುನ್ನ ಆರು ತಿಂಗಳ ಮನೆಖರ್ಚನ್ನು ಬೇರೆ ತೆಗೆದಿಡಿ. ಸಾಲದ ಹಣದಲ್ಲಿ ಷೇರು ಕೊಳ್ಳಬೇಡಿ. ಸಂಬಳ ಬಂದ ದಿನವೇ ದಾನದ ಪಾಲನ್ನೂ, ಅದು ನೂರು ರೂಪಾಯಿಯೇ ಆಗಿರಲಿ, ಎತ್ತಿಡಿ.