ಆಧಿ ಮತ್ತು ವ್ಯಾಧಿ: ಸಾಮಾನ್ಯ ಆಸ್ಪತ್ರೆಯಲ್ಲಿ ಮನೋವೈದ್ಯ ಸೇವೆ

ಶರೀರದ ಬೇನೆಗೆ ವ್ಯಾಧಿಯೆಂದೂ ಮನಸ್ಸಿನ ವ್ಯಥೆಗೆ ಆಧಿಯೆಂದೂ ಹೆಸರು. ಲೋಕರೂಢಿಯು ಎರಡನ್ನೂ ಬೆಸೆದು ‘ಆಧಿವ್ಯಾಧಿ’ ಎಂಬ ಸಮಸ್ತಪದವನ್ನು ಮಾಡಿದೆ. ಆದರೆ ನುಡಿಯು ಕೂಡಿಸಿದುದನ್ನು ಚಿಕಿತ್ಸಾಪದ್ಧತಿಯು ಬಹುಕಾಲ ಅಗಲಿಸಿತ್ತು. ವ್ಯಾಧಿಗೆ ಊರ ನಡುವಿನ ಆಸ್ಪತ್ರೆ. ಆಧಿಗೆ ಊರಾಚೆ ಎತ್ತರದ ಗೋಡೆಯ ಕಟ್ಟಡ. ಈ ಅಗಲಿಕೆಯನ್ನು ನೀಗಿಸುವ ವ್ಯವಸ್ಥೆಯೇ ಸಂಪರ್ಕ ಮನೋವೈದ್ಯ ಸೇವೆ.

ಭಾರತದಲ್ಲಿ ಇದಕ್ಕೆ ಹಾದಿ ತೆರೆದವರು ಗಿರೀಂದ್ರಶೇಖರ ಬೋಸರು. ಅವರು 1933ರಲ್ಲಿ ಕಲ್ಕತ್ತೆಯ ಕಾರ್ಮೈಕೇಲ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೇ ಮನೋರೋಗ ಚಿಕಿತ್ಸಾಲಯವನ್ನು ಆರಂಭಿಸಿದರು. ಆ ಕಾಲೇಜೇ ಇಂದಿನ ಆರ್.ಜಿ. ಕರ್ ಕಾಲೇಜು.

ಸೇವೆಯ ಕ್ರಮ ಸರಳವಾದುದು. ವಾರ್ಡಿನ ವೈದ್ಯರು ಕರೆ ಕಳುಹಿಸಿದೊಡನೆ ಮನೋವೈದ್ಯರೋ ನುರಿತ ದಾದಿಯೋ ರೋಗಿಯ ಮಂಚದ ಬಳಿಗೇ ಬರುತ್ತಾರೆ. ರೋಗಿಯೊಡನೆಯೂ ಮನೆಯವರೊಡನೆಯೂ ಮಾತನಾಡಿ ವಾರ್ಡಿಗೆ ಸಲಹೆ ನೀಡುತ್ತಾರೆ. ಇಂಗ್ಲೆಂಡಿನ ‘ಕೋರ್ 24’ ಮಾನದಂಡದಂತೆ ಇಂತಹ ತಂಡವು ಹಗಲಿರುಳೂ ಸಿದ್ಧವಿದ್ದು, ತುರ್ತು ಕರೆಗೆ 1 ಗಂಟೆಯೊಳಗೆ, ವಾರ್ಡುಗಳ ಅಗತ್ಯದ ಕರೆಗೆ 24 ಗಂಟೆಯೊಳಗೆ ಬರಬೇಕು.

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಗೊಳಗಾದ ವೃದ್ಧೆಯೊಬ್ಬಳು ಇರುಳಿನಲ್ಲಿ ಗತಿಸಿದ ಗಂಡನನ್ನು ಕರೆಯುತ್ತ, ಕೈಗೆ ಚುಚ್ಚಿದ ನಳಿಕೆಯನ್ನು ಕೀಳತೊಡಗಿದಳೆಂದು ಭಾವಿಸೋಣ. ಬಂಧುಗಳು ಹುಚ್ಚು ಹಿಡಿಯಿತೆಂದು ಕಂಗೆಡುತ್ತಾರೆ. ಆದರೆ ಹೀಗೆ ಹಠಾತ್ತನೆ ತೋರುವುದು ಬಹುಮಟ್ಟಿಗೆ ಹುಚ್ಚಲ್ಲ, ಸನ್ನಿ. ಸೋಂಕು, ರಕ್ತದ ಲವಣಾಂಶದ ಏರುಪೇರು, ಔಷಧಿಗಳ ಪರಿಣಾಮ ಮುಂತಾದುವು ಇದಕ್ಕೆ ಕಾರಣ. ಕಾರಣವನ್ನು ಹುಡುಕದೆ ನಿದ್ರೆಯ ಮದ್ದು ಕೊಟ್ಟರೆ ಸನ್ನಿ ಉಲ್ಬಣಿಸಲೂಬಹುದು. ಮೂಲವ್ಯಾಧಿಗೆ ಚಿಕಿತ್ಸೆಯಾಗಬೇಕು, ಜೊತೆಗೆ ಅವಳ ಕನ್ನಡಕ, ಕಣ್ಣೆದುರು ಗಡಿಯಾರ, ಪಕ್ಕದಲ್ಲಿ ಪರಿಚಿತ ಮುಖ ಇವು ಅವಳನ್ನು ಈ ಲೋಕಕ್ಕೆ ಮರಳಿಸಲು ನೆರವಾಗುತ್ತವೆ. ಆಧಿಯಾಗಿ ಕಂಡುದು ಇಲ್ಲಿ ವ್ಯಾಧಿ.

ಇದಕ್ಕೆ ವಿಪರೀತವಾದ ಪ್ರಸಂಗವೂ ಉಂಟು. ವಿಷ ಸೇವಿಸಿದ ತರುಣನನ್ನು ವೈದ್ಯರು ಬದುಕಿಸುತ್ತಾರೆ. ದೇಹ ಚೇತರಿಸಿತೆಂದು ಹಾಗೆಯೇ ಮನೆಗೆ ಕಳುಹಿಸಿದರೆ, ಅವನು ಮರಳುವುದು ಅದೇ ಸಾಲಕ್ಕೆ, ಅದೇ ಏಕಾಂತಕ್ಕೆ. ‘ಏಕೆ ಹೀಗಾಯಿತು?’ ಎಂದು ಗದರದೆ ಕೇಳಿ, ಏಕಾಂತದಲ್ಲಿ ಆಲಿಸಿ, ವಿಷವಸ್ತುಗಳನ್ನು ಕೈಗೆ ಸಿಗದಂತಿಡಲು ಮನೆಯವರಿಗೆ ತಿಳಿಸಿ, ಮುಂದಿನ ಭೇಟಿಯ ದಿನವನ್ನು ಗೊತ್ತುಮಾಡಿಯೇ ಕಳುಹಿಸಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 115ನೆಯ ವಿಧಿಯು ಆತ್ಮಹತ್ಯೆಗೆ ಯತ್ನಿಸಿದವನನ್ನು, ವ್ಯತಿರಿಕ್ತವಾಗಿ ಸಾಬೀತಾಗದಿದ್ದರೆ, ತೀವ್ರ ಒತ್ತಡಕ್ಕೊಳಗಾದವನೆಂದೇ ಎಣಿಸುತ್ತದೆ; ಅವನಿಗೆ ಶಿಕ್ಷೆಯಲ್ಲ, ಆರೈಕೆ ಸಲ್ಲಬೇಕೆನ್ನುತ್ತದೆ. ಮನನೊಂದವರು 14416 ಸಂಖ್ಯೆಯ ಟೆಲಿ-ಮಾನಸ್ ದೂರವಾಣಿಯಲ್ಲಿಯೂ ನೆರವು ಪಡೆಯಬಹುದು.

‘ಆಧಿವ್ಯಾಧಿ’ ದ್ವಂದ್ವಸಮಾಸ. ಅದರಲ್ಲಿ ಎರಡೂ ಪದಗಳ ಅರ್ಥಕ್ಕೆ ಸಮಪ್ರಾಧಾನ್ಯವೆಂದು ವಿದ್ಯಾರ್ಥಿಗಳು ವ್ಯಾಕರಣದಲ್ಲಿ ಕಲಿತಿದ್ದಾರೆ. ರೋಗಿಯ ಮಂಚದ ಬಳಿ ನಿಂತಾಗಲೂ ಆ ಪಾಠ ಮರೆಯತಕ್ಕುದಲ್ಲ.