ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿದ್ದರೆ ಮತ ಏಕೆ ಹಾಕಬೇಕು?



ದ್ವಿತೀಯ ಪಿಯುಸಿ ರಾಜ್ಯಶಾಸ್ತ್ರ ತರಗತಿಯಲ್ಲಿ ಚುನಾವಣಾ ವ್ಯವಸ್ಥೆಯ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: “ಸರ್, ಕೆಲವು ಕಡೆ ಯಾವ ಪಕ್ಷ ಗೆಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತೇ ಇರುತ್ತದೆ. ಅಲ್ಲಿ ಮತ ಹಾಕಿ ಏನು ಪ್ರಯೋಜನ?” ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಗಂಟೆ ಬಾರಿಸಿದ್ದರಿಂದ ಅಂದು ಅರ್ಧ ಉತ್ತರವಷ್ಟೇ ಹೇಳಲು ಸಾಧ್ಯವಾಯಿತು. ಉಳಿದ ಅರ್ಧ ಇಲ್ಲಿದೆ. ಉದಾಹರಣೆಗೆ ಅಮೆರಿಕದ ಒಂದು ಕ್ಷೇತ್ರವನ್ನು ತೆಗೆದುಕೊಳ್ಳೋಣ.

ಮೊದಲು ಕೆಲವು ಪದಗಳು

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದರ ಕೆಳಮನೆ ಪ್ರತಿನಿಧಿ ಸಭೆ. ಅಲ್ಲಿ 435 ಸದಸ್ಯರಿದ್ದಾರೆ, ಅವಧಿ ಕೇವಲ 2 ವರ್ಷ. ಪ್ರತಿ ಸದಸ್ಯ ಆಯ್ಕೆಯಾಗುವ ಕ್ಷೇತ್ರವನ್ನು ಕಾಂಗ್ರೆಸ್ ಜಿಲ್ಲೆ ಎನ್ನುತ್ತಾರೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಅದರ ಗಡಿಗಳನ್ನು ಹೊಸದಾಗಿ ಗುರುತಿಸುತ್ತಾರೆ.

ಒಂದೇ ಪಕ್ಷ ಸತತವಾಗಿ, ದೊಡ್ಡ ಅಂತರದಿಂದ ಗೆಲ್ಲುವ ಕ್ಷೇತ್ರ ಆ ಪಕ್ಷದ ‘ಸುರಕ್ಷಿತ ಕ್ಷೇತ್ರ’. ಗಡಿಗಳನ್ನು ಬೇಕಾದಂತೆ ತಿರುಚಿ ಇಂಥ ಕ್ಷೇತ್ರ ಮಾಡುವುದೂ ಉಂಟು. ಅದಕ್ಕೆ ಅಲ್ಲಿ ‘ಜೆರಿಮ್ಯಾಂಡರ್’ ಎಂದು ಹೆಸರು. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯಪಾಲ ಎಲ್‌ಬ್ರಿಜ್ ಗೆರಿಯ ಕಾಲದ ಒಂದು ಕ್ಷೇತ್ರದ ನಕ್ಷೆ ಸ್ಯಾಲಮಾಂಡರ್ ಎಂಬ ಪ್ರಾಣಿಯಂತೆ ಕಂಡದ್ದರಿಂದ ಆ ಪದ ಹುಟ್ಟಿತು. ಆದರೆ ಎಲ್ಲ ಸುರಕ್ಷಿತ ಕ್ಷೇತ್ರಗಳೂ ಕುತಂತ್ರದ ಫಲವಲ್ಲ. ಒಂದೇ ಒಲವಿನ ಜನ ಒಂದೇ ನಗರದಲ್ಲಿ ಹೆಚ್ಚಾಗಿ ನೆಲೆಸಿದ್ದರೆ ನ್ಯಾಯವಾಗಿ ಗೆರೆ ಎಳೆದರೂ ಕ್ಷೇತ್ರ ಸುರಕ್ಷಿತವೇ ಆಗುತ್ತದೆ.

ಮಿನ್ನೆಸೋಟಾದ 5ನೇ ಕ್ಷೇತ್ರ

ಉತ್ತರ ಅಮೆರಿಕದ ಮಿನ್ನೆಸೋಟಾ ರಾಜ್ಯಕ್ಕೆ ಪ್ರತಿನಿಧಿ ಸಭೆಯಲ್ಲಿ 8 ಸ್ಥಾನಗಳಿವೆ. 5ನೇ ಕ್ಷೇತ್ರ ಎಂದರೆ ಮಿನ್ನಿಯಾಪೊಲಿಸ್ ನಗರ ಮತ್ತು ಅದರ ಪಕ್ಕದ ಕೆಲವು ಉಪನಗರಗಳು. ಜನಸಂಖ್ಯೆ ಸುಮಾರು 7 ಲಕ್ಷ. 2022ರ ಆರಂಭದಲ್ಲಿ ಇದರ ಈಗಿನ ಗಡಿಯನ್ನು ಗುರುತಿಸಿದ್ದು ಪಕ್ಷಗಳಲ್ಲ, ನ್ಯಾಯಾಧೀಶರ ವಿಶೇಷ ಸಮಿತಿ. ಆದರೂ ಇದು ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. 1962ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ವಾಲ್ಟರ್ ಜಡ್ ಸೋತ ಮೇಲೆ ಆ ಪಕ್ಷ ಇಲ್ಲಿ ಮತ್ತೆ ಗೆದ್ದಿಲ್ಲ. ಡೆಮಾಕ್ರಟಿಕ್ ಪಕ್ಷದ ಡೊನಾಲ್ಡ್ ಫ್ರೇಸರ್ 16 ವರ್ಷ, ಮಾರ್ಟಿನ್ ಸಾಬೊ 28 ವರ್ಷ ಈ ಸ್ಥಾನದಲ್ಲಿದ್ದರು.

ನವೆಂಬರ್‌ನಲ್ಲಿ ನಡೆಯುವ ಸಾರ್ವತ್ರಿಕ ಚುನಾವಣೆಯನ್ನಷ್ಟೇ ನೋಡಿದರೆ ನಮ್ಮ ವಿದ್ಯಾರ್ಥಿಯ ಮಾತು ಸರಿ. ಅಲ್ಲಿ ಕುತೂಹಲವೇ ಇಲ್ಲ. ಆದರೆ ಅಮೆರಿಕದಲ್ಲಿ ಅದಕ್ಕೂ ಮುಂಚೆ ಇನ್ನೊಂದು ಮತದಾನ ನಡೆಯುತ್ತದೆ. ಅದೇ ಪ್ರಾಥಮಿಕ ಚುನಾವಣೆ, ಅಂದರೆ ಪ್ರೈಮರಿ. ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದನ್ನು ಅಂತಿಮವಾಗಿ ತೀರ್ಮಾನಿಸುವವರು ಪಕ್ಷದ ನಾಯಕರಲ್ಲ, ಸಾಮಾನ್ಯ ಮತದಾರರು. ಮಿನ್ನೆಸೋಟಾದಲ್ಲಿ ಇದಕ್ಕಾಗಿ ಪಕ್ಷದ ಸದಸ್ಯತ್ವವೂ ಬೇಕಿಲ್ಲ. ಯಾವುದೇ ಮತದಾರ ಮತಗಟ್ಟೆಗೆ ಹೋಗಿ ತನಗೆ ಬೇಕಾದ ಪಕ್ಷದ ಪಟ್ಟಿಯಲ್ಲಿ ಮತ ಹಾಕಬಹುದು. ಷರತ್ತು ಒಂದೇ: ಒಂದು ಪಕ್ಷದ ಪಟ್ಟಿಯಲ್ಲಿ ಮಾತ್ರ ಹಾಕಬೇಕು, ಎರಡರಲ್ಲೂ ಅಲ್ಲ.

ಈಗ ಪಾಠದ ತಿರುಳಿಗೆ ಬರೋಣ. ಸುರಕ್ಷಿತ ಕ್ಷೇತ್ರ ಸುರಕ್ಷಿತವಾಗಿರುವುದು ಪಕ್ಷಕ್ಕೆ, ವ್ಯಕ್ತಿಗಲ್ಲ. ಅಲ್ಲಿ ಮತದ ಬೆಲೆ ಕಳೆದುಹೋಗುವುದಿಲ್ಲ. ಅದು ಬೇರೆ ದಿನಕ್ಕೆ ಸರಿದಿರುತ್ತದೆ, ಅಷ್ಟೇ.

2006 ಮತ್ತು 2018

2006ರಲ್ಲಿ ಸಾಬೊ ನಿವೃತ್ತರಾದರು. ಸೆಪ್ಟೆಂಬರ್‌ನ ಪ್ರೈಮರಿಯಲ್ಲಿ ಹಲವರು ಕಣಕ್ಕಿಳಿದರು. ಮತ ಹಂಚಿಹೋಯಿತು. ಸುಮಾರು ಶೇ 41 ಮತ ಪಡೆದ ಕೀತ್ ಎಲಿಸನ್ ಗೆದ್ದರು. ನಾವು ಪಾಠದಲ್ಲಿ ಓದುವ ‘ಹೆಚ್ಚು ಮತ ಪಡೆದವರೇ ವಿಜೇತರು’ ಎಂಬ ಪದ್ಧತಿ ಇಲ್ಲೂ ಇದೆ. ಅರ್ಧಕ್ಕಿಂತ ಹೆಚ್ಚು ಬೇಕಿಲ್ಲ. ನವೆಂಬರ್‌ನಲ್ಲಿ ಎಲಿಸನ್ ಸುಲಭವಾಗಿ ಗೆದ್ದು ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಮುಸ್ಲಿಮರಾದರು. 2007ರ ಜನವರಿಯಲ್ಲಿ ಅವರು ಸಾಂಕೇತಿಕ ಪ್ರಮಾಣವಚನಕ್ಕೆ ಬಳಸಿದ್ದು ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಸ್ವಂತ ಗ್ರಂಥಭಂಡಾರದಲ್ಲಿದ್ದ ಕುರ್‌ಆನ್ ಅನುವಾದದ ಪ್ರತಿ.

2018ರಲ್ಲಿ ಎಲಿಸನ್ ರಾಜ್ಯದ ಅಟಾರ್ನಿ ಜನರಲ್ ಹುದ್ದೆಗೆ ಸ್ಪರ್ಧಿಸಲು ಸ್ಥಾನ ತೆರವು ಮಾಡಿದರು. ಆಗ ಬಂದವರು ಇಲ್ಹಾನ್ ಒಮರ್. ಸೊಮಾಲಿಯಾದಲ್ಲಿ ಹುಟ್ಟಿ, ಅಂತರ್ಯುದ್ಧದಿಂದ ಓಡಿಬಂದು, ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ನಾಲ್ಕು ವರ್ಷ ಬದುಕಿ ಅಮೆರಿಕ ಸೇರಿದವರು. ರಾಜಕೀಯದಲ್ಲಿ ಅವರ ಮೊದಲ ದೊಡ್ಡ ಗೆಲುವು ಕೂಡ ಪ್ರೈಮರಿಯದೇ. 1973ರಿಂದ ರಾಜ್ಯದ ಶಾಸಕಿಯಾಗಿದ್ದ ತಮ್ಮದೇ ಪಕ್ಷದ ಫಿಲಿಸ್ ಕಾನ್ ಅವರನ್ನು 2016ರಲ್ಲಿ ಸೋಲಿಸಿದ್ದರು. 2018ರ ಆಗಸ್ಟ್ ಪ್ರೈಮರಿಯಲ್ಲಿ ಅವರಿಗೆ ಸುಮಾರು ಶೇ 48, ನವೆಂಬರ್‌ನಲ್ಲಿ ಶೇ 78 ಮತ. ಮಿಷಿಗನ್‌ನ ರಶೀದಾ ತ್ಲೈಬ್ ಮತ್ತು ಒಮರ್ ಕಾಂಗ್ರೆಸ್ ಪ್ರವೇಶಿಸಿದ ಮೊದಲ ಮುಸ್ಲಿಂ ಮಹಿಳೆಯರು. ಸದನದೊಳಗೆ ತಲೆಗೆ ಏನನ್ನೂ ಧರಿಸಬಾರದೆಂಬ 1837ರ ನಿಯಮವನ್ನು 2019ರ ಜನವರಿಯಲ್ಲಿ ಸಡಿಲಿಸಿ, ಧಾರ್ಮಿಕ ಕಾರಣಕ್ಕೆ ಶಿರವಸ್ತ್ರ ಧರಿಸಲು ಅವಕಾಶ ಕೊಟ್ಟರು.

ಈ ಭಾಗ ಓದಿ ನಮ್ಮಲ್ಲಿ ಕೆಲವರಿಗೆ ಹೆಮ್ಮೆ ಎನಿಸಬಹುದು. ಎನಿಸಲಿ. ಆದರೆ ಪಾಠ ಇಲ್ಲಿಗೆ ಮುಗಿದರೆ ನಾವು ಕಲಿತದ್ದು ಬರೀ ಸಾಮಾನ್ಯಜ್ಞಾನ. ನಿಜವಾದ ಪಾಠ ಅವರು ಇನ್ನೇನು ಸೋಲಬೇಕಿದ್ದ ದಿನದಲ್ಲಿದೆ.

2022ರ ಆಗಸ್ಟ್ 9

2020ರ ಮೇ ತಿಂಗಳಲ್ಲಿ ಮಿನ್ನಿಯಾಪೊಲಿಸ್ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತರು. ನಗರ ಹೊತ್ತಿ ಉರಿಯಿತು. ಪೊಲೀಸ್ ಇಲಾಖೆಯ ಬದಲು ಬೇರೆಯೇ ಸಾರ್ವಜನಿಕ ಸುರಕ್ಷತಾ ಇಲಾಖೆ ಬೇಕೇ ಎಂಬ ಪ್ರಶ್ನೆಯನ್ನು 2021ರ ನವೆಂಬರ್‌ನಲ್ಲಿ ನಗರದ ಜನರ ಮತಕ್ಕೆ ಹಾಕಲಾಯಿತು. ಒಮರ್ ಬೇಕು ಎಂದರು. ಡಾನ್ ಸ್ಯಾಮ್ಯುಯೆಲ್ಸ್ ಎಂಬ ಮಾಜಿ ನಗರಸಭಾ ಸದಸ್ಯರು ಬೇಡ ಎಂದರು. ಜನ ಬೇಡ ಎಂದೇ ತೀರ್ಪಿತ್ತರು.

ಮರುವರ್ಷ ಅದೇ ಸ್ಯಾಮ್ಯುಯೆಲ್ಸ್ ಪ್ರೈಮರಿಯಲ್ಲಿ ಒಮರ್ ವಿರುದ್ಧ ನಿಂತರು. ಅವರೂ ಡೆಮಾಕ್ರಟ್, ಅವರೂ ಜಮೈಕಾದಲ್ಲಿ ಹುಟ್ಟಿ ವಲಸೆ ಬಂದವರು. ಹಾಗಾಗಿ ಇದು ಪಕ್ಷದ ಜಗಳವಾಗಿರಲಿಲ್ಲ. ‘ನಮ್ಮ ಬೀದಿಗಳು ಸುರಕ್ಷಿತವಾಗಿರಲು ಏನು ಮಾಡಬೇಕು’ ಎಂಬ ನಿಜವಾದ ಪ್ರಶ್ನೆ ಮತದಾರರ ಮುಂದಿತ್ತು. ಎರಡೂ ಕಡೆ ತೂಕದ ವಾದಗಳಿದ್ದವು.

ಫಲಿತಾಂಶ ನೋಡಿ:

ಆಗಸ್ಟ್ ಪ್ರೈಮರಿ: ಒಮರ್ 57,683, ಸ್ಯಾಮ್ಯುಯೆಲ್ಸ್ 55,217. ಅಂತರ 2,466.
ನವೆಂಬರ್ ಚುನಾವಣೆ: ಒಮರ್ 2,14,000ಕ್ಕೂ ಹೆಚ್ಚು, ರಿಪಬ್ಲಿಕನ್ ಅಭ್ಯರ್ಥಿ ಸುಮಾರು 70,700. ಒಮರ್ ಅವರಿಗೆ ಶೇ 74.

ನವೆಂಬರ್‌ನ ಅಂಕಿ ಮಾತ್ರ ನೋಡಿದವರು ‘ಇಲ್ಲಿ ಸ್ಪರ್ಧೆಯೇ ಇರಲಿಲ್ಲ’ ಎನ್ನುತ್ತಾರೆ. ಆದರೆ ಮೂರೇ ತಿಂಗಳ ಹಿಂದೆ ಅದೇ ವ್ಯಕ್ತಿ ಕೂದಲೆಳೆಯ ಅಂತರದಲ್ಲಿ ಉಳಿದಿದ್ದರು. ಸ್ವಲ್ಪ ಲೆಕ್ಕ ಮಾಡೋಣ. ಒಮರ್‌ಗೆ ಮತ ಹಾಕಿದವರಲ್ಲಿ 1,233 ಜನ ಮನಸ್ಸು ಬದಲಿಸಿದ್ದರೆ ಇಬ್ಬರಿಗೂ ತಲಾ 56,450 ಮತ ಬಂದು ಸಮಬಲವಾಗುತ್ತಿತ್ತು. ಇನ್ನೊಬ್ಬರು ಸೇರಿ 1,234 ಆಗಿದ್ದರೆ ಫಲಿತಾಂಶವೇ ತಲೆಕೆಳಗು. 7 ಲಕ್ಷ ಜನರ ಕ್ಷೇತ್ರದ ಪ್ರತಿನಿಧಿ ಯಾರೆಂಬುದನ್ನು ಒಂದೆರಡು ಕಾಲೇಜಿನ ವಿದ್ಯಾರ್ಥಿಗಳಷ್ಟು ಜನ ಬದಲಿಸಬಹುದಿತ್ತು.

ಇನ್ನೊಂದು ವಿಷಯ ಗಮನಿಸಿ. ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಪಟ್ಟಿಯಲ್ಲಿ ಮತ ಹಾಕಿದವರು ಸುಮಾರು 1 ಲಕ್ಷ 15 ಸಾವಿರ. ನವೆಂಬರ್‌ನಲ್ಲಿ ಮತ ಹಾಕಿದವರು ಸುಮಾರು 2 ಲಕ್ಷ 88 ಸಾವಿರ. ಅಂದರೆ ತೀರ್ಮಾನ ಆಗುವ ದಿನ ಜನ ಕಡಿಮೆ ಬಂದರು, ತೀರ್ಮಾನ ಆದ ಮೇಲೆ ಹೆಚ್ಚು ಬಂದರು. ಮದುವೆ ಮಾತುಕತೆಗೆ ನಾಲ್ಕೇ ಜನ, ಊಟಕ್ಕೆ ಊರೆಲ್ಲ ಎಂಬಂತೆ! ಪ್ರೈಮರಿ ದಿನ ಮನೆಯಲ್ಲಿದ್ದವರ ಮತಹಕ್ಕನ್ನು ಯಾರೂ ಕಸಿದುಕೊಳ್ಳಲಿಲ್ಲ. ಅವರೇ ಅದನ್ನು ಬಳಸದೆ ಬಿಟ್ಟರು.

2024ರ ಆಗಸ್ಟ್‌ನಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಈ ಸಲ ಒಮರ್ ಸುಮಾರು ಶೇ 56 ಮತ ಪಡೆದು ಆರಾಮವಾಗಿ ಗೆದ್ದರು. ಒಮ್ಮೆ ಅಂಚಿಗೆ ಬಂದ ಪ್ರತಿನಿಧಿ ಮುಂದಿನ ಸಲ ಮತದಾರರ ಬಾಗಿಲಿಗೆ ಹೋಗುವುದನ್ನು ಮರೆಯಲಾರರು.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಪ್ರೈಮರಿ ಪದ್ಧತಿ ಇಲ್ಲ. ಟಿಕೆಟ್ ಯಾರಿಗೆ ಎಂಬುದನ್ನು ಪಕ್ಷದ ಹೈಕಮಾಂಡ್ ನಿರ್ಧರಿಸುತ್ತದೆ. ಹಾಗಾಗಿ ನಮ್ಮ ಸುರಕ್ಷಿತ ಕ್ಷೇತ್ರಗಳಲ್ಲಿ ನಿಜವಾದ ಆಯ್ಕೆ ಕೆಲವೇ ಜನರ ಕೋಣೆಯೊಳಗೆ ಮುಗಿದಿರುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ‘ಅವಿರೋಧ ಆಯ್ಕೆ’ ಎಂಬುದನ್ನು ನೀವು ಕೇಳಿರುತ್ತೀರಿ. ಅಲ್ಲೂ ತೀರ್ಮಾನ ಆಗುವುದು ನಾಮಪತ್ರಕ್ಕೂ ಮುಂಚೆ, ಅರಳಿಕಟ್ಟೆಯಲ್ಲೋ ಯಾರದೋ ಜಗಲಿಯಲ್ಲೋ. ಆ ಜಗಲಿಯಲ್ಲಿ ಯಾರಿದ್ದರು, ಯಾರನ್ನು ಕರೆಯಲಿಲ್ಲ ಎಂದು ಕೇಳುವುದು ಒಳ್ಳೆಯ ನಾಗರಿಕನ ಲಕ್ಷಣ.

ಹಿಂದಿನ ಬೆಂಚಿನ ಗೆಳೆಯನಿಗೆ ನನ್ನ ಉತ್ತರ ಇಷ್ಟೇ: ಮತ ಹಾಕಿ ಏನು ಪ್ರಯೋಜನ ಎಂದು ಕೇಳುವ ಮೊದಲು, ತೀರ್ಮಾನ ಯಾವ ದಿನ, ಎಲ್ಲಿ ಆಗುತ್ತದೆ ಎಂದು ಕೇಳು. ಅಲ್ಲಿಗೆ ಸಮಯಕ್ಕೆ ಸರಿಯಾಗಿ ಹೋಗು.

ಅದಕ್ಕೆ ಮೊದಲ ಹೆಜ್ಜೆ ಮತದಾರರ ಪಟ್ಟಿಯಲ್ಲಿ ಹೆಸರು. 17 ವರ್ಷ ತುಂಬಿದವರು ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಹಾಕಬಹುದು. ಅರ್ಹತಾ ದಿನಾಂಕಗಳು ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ನಿಮ್ಮಲ್ಲಿ ಹೆಚ್ಚಿನವರು ಈಗಲೇ ಅರ್ಹರು. ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ.

ಯೋಚಿಸಿ, ಉತ್ತರಿಸಿ

1. ‘ಸುರಕ್ಷಿತ ಕ್ಷೇತ್ರ ಪಕ್ಷಕ್ಕೆ ಸುರಕ್ಷಿತ, ವ್ಯಕ್ತಿಗಲ್ಲ’: 2022ರ ಅಂಕಿಗಳ ಸಹಾಯದಿಂದ ವಿವರಿಸಿ.
2. ಶೇ 41 ಮತ ಪಡೆದವರು ಗೆಲ್ಲುವುದು ನ್ಯಾಯವೇ? ಪರ ಮತ್ತು ವಿರೋಧ ತಲಾ ಎರಡು ಕಾರಣ ಕೊಡಿ.
3. ಭಾರತದ ಪಕ್ಷಗಳೂ ಪ್ರೈಮರಿ ನಡೆಸಿದರೆ ಆಗುವ ಒಂದು ಲಾಭ, ಒಂದು ತೊಂದರೆ ಬರೆಯಿರಿ.
4. ನಿಮ್ಮ ಮನೆಯಲ್ಲಿ 18 ತುಂಬಿದ ಎಲ್ಲರ ಹೆಸರೂ ಮತದಾರರ ಪಟ್ಟಿಯಲ್ಲಿದೆಯೇ? ಪರಿಶೀಲಿಸಿ ತರಗತಿಗೆ ತಿಳಿಸಿ.

ರಾಜ್ಯಶಾಸ್ತ್ರ ವಿಭಾಗ