ಇರುಸು ಮತ್ತು ಹೊರೆ

ವಡೋದರೆಯ ಸಮೀಪದ ಕೊಯಾಲಿಯಲ್ಲಿ 1965ರಲ್ಲಿ ತೈಲ ಶುದ್ಧೀಕರಣದ ಕಾರ್ಯ ಆರಂಭವಾಯಿತು. ಕೊಯಾಲಿಯ ಕಡೆಯಿಂದ ಹೆದ್ದಾರಿಗೆ ಬರುವ ಟ್ಯಾಂಕರ್ ಲಾರಿಗಳನ್ನು ನಾವು ಕಂಡೇ ಇದ್ದೇವೆ. ‘ಆರು ಚಕ್ರದ ಲಾರಿ’, ‘ಹತ್ತು ಚಕ್ರದ ಲಾರಿ’ ಎಂದು ಚಕ್ರಗಳನ್ನೆಣಿಸುವುದು ಜನರ ವಾಡಿಕೆ. ಆದರೆ ಹೊರೆಯ ವಿಚಾರದಲ್ಲಿ ಮೊದಲು ಎಣಿಸಬೇಕಾದುದು ಇರುಸನ್ನು.

ಎತ್ತಿನ ಗಾಡಿಯ ಎರಡು ಚಕ್ರಗಳನ್ನು ಹೊತ್ತ ದಂಡವೇ ಇರುಸು. ಅದಕ್ಕೆ ಅಚ್ಚು ಎಂಬ ಹೆಸರೂ ಉಂಟು. ಚಕ್ರ ಕಳಚದಂತೆ ಅದರ ತುದಿಗೆ ತೂರಿಸುವ ಕೀಲು ಕಡಾಣಿ. ಇರುಸನ್ನೇ ಸಂಸ್ಕೃತದಲ್ಲಿ ಅಕ್ಷವೆಂದೂ, ನೆರೆಹೊರೆಯ ಗುಜರಾತಿಯಲ್ಲಿ ಧರಿಯೆಂದೂ, ಲಾರಿಯವರ ಮಾತಿನಲ್ಲಿ ಆಕ್ಸಲ್ ಎಂದೂ ಕರೆಯುತ್ತಾರೆ.

ಲಾರಿಯ ಮುಂದಿನ ಇರುಸಿನ ಚಕ್ರಗಳು ದಿಕ್ಕು ತಿರುಗಿಸುತ್ತವೆ. ಎಂಜಿನ್ನಿನ ಶಕ್ತಿಯನ್ನು ಪಡೆದು ಗಾಡಿಯನ್ನು ನಡೆಸುವುದು ಹಿಂದಿನದು. ಆರು ಚಕ್ರದ ಲಾರಿಗೆ ಇರುಸು ಎರಡೇ: ಮುಂದೆ ಎರಡು ಚಕ್ರ, ಹಿಂದೆ ಪಕ್ಕಕ್ಕೆ ಎರಡರಂತೆ ನಾಲ್ಕು. ಹತ್ತು ಚಕ್ರದ್ದಕ್ಕೆ ಹಿಂದೆ ಎರಡು ಇರುಸುಗಳು ಒತ್ತಾಗಿರುತ್ತವೆ. ಇದು ಜೋಡಿ ಇರುಸು. ಕೆಲವು ಲಾರಿಗಳಲ್ಲಿ ಎತ್ತುವ ಇರುಸೂ ಇದೆ. ಗಾಡಿ ಬರಿದಾಗಿರುವಾಗ ಟೈರು ಸವೆಯದಂತೆ ಅದನ್ನು ಮೇಲೆತ್ತುತ್ತಾರೆ, ಹೊರೆಯೇರಿದಾಗ ಇಳಿಸಲೇಬೇಕು. ಇಳಿಸದಿದ್ದರೆ ಅದರ ಪಾಲಿನ ಭಾರವೂ ಉಳಿದ ಇರುಸುಗಳ ಮೇಲೆ ಬೀಳುತ್ತದೆ.

ನಾಲ್ಕು ಟೈರುಗಳ ಒಂಟಿ ಇರುಸಿಗೆ ಹಿಂದೆ 10.2 ಟನ್ನು ಮಿತಿಯಿತ್ತು; 2018ರಲ್ಲಿ ಅದನ್ನು 11.5 ಟನ್ನಿಗೆ ಏರಿಸಲಾಯಿತು. ಜೋಡಿ ಇರುಸಿನ ಮಿತಿ 19ರಿಂದ 21 ಟನ್ನಿಗೆ ಏರಿತು. 11.5ರ ಇಮ್ಮಡಿ 23 ಆಗಬೇಕಲ್ಲವೇ ಎಂದು ನೀವು ಕೇಳಬಹುದು. ಒತ್ತಾಗಿರುವ ಎರಡು ಇರುಸುಗಳ ಒತ್ತಡ ನೆಲದೊಳಗೆ ಒಂದರೊಡನೊಂದು ಕೂಡಿಕೊಳ್ಳುತ್ತದೆ; ಸೇತುವೆಯ ಒಂದೇ ಭಾಗವನ್ನು ಎರಡೂ ಏಕಕಾಲಕ್ಕೆ ಅದುಮುತ್ತವೆ.

ಮಿತಿ ಏಕೆ ಬೇಕು? ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿ ನೋಡಿದರು. ರಸ್ತೆಯ ಹಾನಿ ಇರುಸಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಬೆಳೆಯುವುದೆಂದು ಅದರಿಂದ ತಿಳಿದುಬಂತು. ಭಾರ ಇಮ್ಮಡಿಯಾದರೆ ಹಾನಿ 2×2×2×2, ಅಂದರೆ 16 ಪಟ್ಟು. 10 ಟನ್ನಿನೆಡೆಯಲ್ಲಿ 12 ಟನ್ನು ಹೇರಿದರೆ 1.2ರ ನಾಲ್ಕನೆಯ ಘಾತ, ಎಂದರೆ ಇಮ್ಮಡಿಗೂ ತುಸು ಹೆಚ್ಚು. ಐದರಲ್ಲೊಂದು ಪಾಲಿನ ಆಸೆಗೆ ರಸ್ತೆಯ ಆಯುಷ್ಯ ಅರ್ಧಕ್ಕಿಳಿಯುತ್ತದೆ. ಅದರ ಗುಂಡಿಯಲ್ಲಿ ಬೀಳುವವರು ಸೈಕಲ್ಲಿನವರು, ಸ್ಕೂಟರಿನವರು.

ಮುಂದೆ ಲಾರಿ ಕಂಡಾಗ ದೂರದಿಂದಲೇ ಇರುಸುಗಳನ್ನೆಣಿಸಿರಿ. ಬಳಿಕ ಈ ಲೆಕ್ಕ ಮಾಡಿರಿ: 10 ಟನ್ನಿನ ಇರುಸಿಗೆ 15 ಟನ್ನು ಹೇರಿದರೆ ಹಾನಿ ಎಷ್ಟು ಪಟ್ಟು?